ಮೂರನೇ ಅಧಿಕಾರಿ

ಈಜಿನ ಪರೀಕ್ಷೆಯಲ್ಲಿ ಮೊದಲು ಬಂದ ಟೇಲರನ ಮಗಳ ಹೆಸರನ್ನು ನೌಕಾ ಕೆಡೆಟ್ ಪಡೆಯ ಪಟ್ಟಿಯಿಂದ ಹೊಡೆದುಹಾಕಿದರು. ಆ ಜಾಗದಲ್ಲಿ ಕಮಾಂಡರರ ತಂಗಿಯ ಮಗನ ಹೆಸರು ಬರೆದರು. ಪಕ್ಕದಲ್ಲಿ ಕಾರಣವೂ ಇತ್ತು: 'ಮನೆಯಿಂದ ಯಾರೂ ಸೇವೆಗೆ ಬಂದಿಲ್ಲ.'

ಪಡೆ ನಡೆಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಹಾಗಾಗಿ ಸೇರುವ ಪ್ರತಿ ಮಗುವಿನ ಮನೆಯಿಂದ ಒಬ್ಬರು ಭಾನುವಾರ ಬಂದು ಕೈಜೋಡಿಸಬೇಕು. ನಿಯಮ ನ್ಯಾಯದ್ದೇ, ಭಾನುವಾರ ಬಿಡುವಿರುವವರಿಗೆ. ಟೇಲರನಿಗೆ ಭಾನುವಾರವೆಂದರೆ ವಾರವಿಡೀ ಕುರ್ಚಿಯಲ್ಲಿ ಕೂತವರು ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಬರುವ ದಿನ.

ಆ ಭಾನುವಾರ ಅವನು ಅಂಗಡಿಯ ಬಾಗಿಲು ಎಳೆದು, ಕೊರಳಿನ ಟೇಪನ್ನೂ ತೆಗೆಯದೆ, ಮಗಳ ಜೊತೆ ಹೊರಟ. ಹದಿಮೂರರ ಹುಡುಗಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಹೆಸರು ಹೊಡೆದ ದಿನದಿಂದ ಅವಳು ಈಜುಕೊಳದ ಕಡೆ ತಲೆ ಹಾಕಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಸುಮ್ಮನಿರುವವಳಿಗೆ ಏನು ಹೇಳುವುದು?

ಪಡೆಯ 'ಹಡಗು' ಎಂದರೆ ತಗಡು ಹೊದಿಸಿದ ಒಂದು ಹಳೇ ಗೋದಾಮು. ಹತ್ತಿರದ ನೀರು ಅಲ್ಲಿಂದ ಒಂದು ಮೈಲಿ. ಆದರೂ ಒಳಗೆ ಬಂದವರು ನೆಲವನ್ನು ನೆಲ ಅನ್ನಕೂಡದು, ಡೆಕ್ ಅನ್ನಬೇಕು. ಹೊರಗೆ ಹೋಗಬೇಕಾದರೆ ದಡಕ್ಕಿಳಿಯಲು ಅಪ್ಪಣೆ ಕೇಳಬೇಕು. ಇದ್ಯಾವುದೂ ಗೊತ್ತಿಲ್ಲದ ಟೇಲರ್, ಬಾಯಲ್ಲಿದ್ದ ನೂಲಿನ ತುಂಡು ಉಗುಳಲು ಹಿಂಬಾಗಿಲಿನಿಂದ ಒಂದು ಹೆಜ್ಜೆ ಹೊರಗಿಟ್ಟ.

ಮನುಷ್ಯ ನೀರಿಗೆ ಬಿದ್ದನೆಂದು ಯಾರೋ ಕೂಗಿದರು, ಸೀಟಿ ಊದಿದರು. ಇಪ್ಪತ್ತು ಮಕ್ಕಳು ಹಗ್ಗ ಕಟ್ಟಿದ ಟ್ಯೂಬನ್ನು ಅವನ ಕುತ್ತಿಗೆಗೆ ಎಸೆದು, ಎಮ್ಮೆಯನ್ನು ಕೊಟ್ಟಿಗೆಗೆ ಎಳೆದಂತೆ ಒಳಗೆಳೆದರು. ಮೈಮೇಲೆ ಒಂದು ಹನಿಯಿಲ್ಲದವನನ್ನು ಬೋರಲು ಮಲಗಿಸಿ ನೀರು ಹೊರಡಿಸಲು ಬೆನ್ನು ಒತ್ತಿದರು. ಬಂದದ್ದು ಬೆಳಗಿನ ಚಹಾದ ತೇಗು. ಅವನ ಕನ್ನಡಕ ಹಾರಿ ಯಾರದೋ ಬೂಟಿನಡಿ ಪುಡಿಯಾಯಿತು. ಪಡೆಯ ಇನ್ನೊಬ್ಬ ಅಧಿಕಾರಿಯಾದ ಗಣಿತದ ಟೀಚರು ರಿಜಿಸ್ಟರಿನಲ್ಲಿ 'ಒಬ್ಬ, ಜೀವಂತ' ಎಂದು ಬರೆದುಕೊಂಡರು.

ಕಮಾಂಡರರಿಗೆ ವಾರದ ಆರು ದಿನ ಕನ್ನಡಕದ ಅಂಗಡಿ. ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿ, ನಾಳೆ ಅಂಗಡಿಗೆ ಬಂದರೆ ಹೊಸದು ಮಾಡಿಕೊಡುವುದಾಗಿ ಹೇಳಿದರು. ಕೆಟ್ಟವರೇನಲ್ಲ. ಹತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸದೆ ಬಂದವರು. ಬಂದು ಬಂದು, ಆ ಗೋದಾಮು ತನ್ನ ಮನೆಯ ಪಡಸಾಲೆ ಎಂದೇ ನಂಬಿದ್ದರು, ಅಷ್ಟೆ.

ಅಂದು ಅವರಿಗೂ ತಲೆ ಮೇಲೆ ಬಂಡೆ. ಮೂರು ಗಂಟೆಗೆ ಹಿರಿಯ ಅಧಿಕಾರಿಣಿ ತಪಾಸಣೆಗೆ ಬರುವವರಿದ್ದರು. ಮೂವರು ಅಧಿಕಾರಿಗಳಿಲ್ಲದ ಪಡೆಗೆ ಬೀಗ ಹಾಕಬೇಕೆಂಬುದು ಮೇಲಿನವರ ಆಜ್ಞೆ. ಮೂರನೆಯವರಾದ ಹಲ್ಲಿನ ಡಾಕ್ಟರು ಹೋದ ತಿಂಗಳು ಊರು ಬಿಟ್ಟಿದ್ದರು. ಅವರ ಬಿಳಿ ಸಮವಸ್ತ್ರ ಮಾತ್ರ ಗೂಟದಲ್ಲಿ ನೇತಾಡುತ್ತಿತ್ತು. ಕಮಾಂಡರರು ಅದನ್ನು ನೋಡಿದರು, ಟೇಲರನನ್ನು ನೋಡಿದರು.

"ಟೇಲರಣ್ಣ, ಇವತ್ತೊಂದಿನ ಇದನ್ನ ಹಾಕ್ಕೊಂಡು ನಿಂತ್ಕೊಳ್ಳಿ. ಮಗಳ ವಿಷಯ ನನಗೆ ಬಿಡಿ."

ಡಾಕ್ಟರ ಪ್ಯಾಂಟಿನಲ್ಲಿ ಇಂಥ ಇಬ್ಬರು ಟೇಲರುಗಳು ಸಂಸಾರ ಹೂಡಬಹುದಿತ್ತು. ಮಗಳು ಸೂಜಿಗೆ ದಾರ ಪೋಣಿಸಿಕೊಟ್ಟಳು. ಕನ್ನಡಕವಿಲ್ಲದ ಕಣ್ಣಿಗೆ ಕಾಣದ್ದು ಟೇಲರನ ಬೆರಳಿಗೆ ಕಂಡಿತು. ಸೊಂಟ ಹಿಡಿದ, ತೋಳು ಮಡಚಿದ. ಕೈಯಾಡುತ್ತಿದ್ದಂತೆ ಮಕ್ಕಳೂ ಸಾಲುಗಟ್ಟಿದರು, ಒಬ್ಬನಿಗೆ ಗುಂಡಿ, ಒಬ್ಬಳಿಗೆ ಕಾಲರು. ನಡುವೆ ಟೀಚರು ಮೂರು ಹಾಳೆ ಹಿಡಿದು, ಸೇವೆಯ ಕಾಗದ, ಇಲ್ಲಿ, ಇಲ್ಲಿ, ಇಲ್ಲಿ ಎಂದರು. ಕನ್ನಡಕವಿಲ್ಲದೆ ಓದಲಾಗದ ಅವನು, ಅವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದ.

ಅಧಿಕಾರಿಣಿ ಬಂದರು. ಮಕ್ಕಳು ಆಗತಾನೇ ಇಸ್ತ್ರಿ ಪೆಟ್ಟಿಗೆಯಿಂದೆದ್ದವರಂತೆ ನಿಂತಿದ್ದರು. ಅಧಿಕಾರಿಣಿ ಹೊಸ ಅಧಿಕಾರಿಯ ಮುಂದೆ ನಿಂತು, ಹಡಗಿನ ಎಡಭಾಗಕ್ಕೆ ಏನೆನ್ನುತ್ತಾರೆಂದು ಕೇಳಿದರು. ಟೇಲರನಿಗೆ ತಿಳಿದ ಎಡ ಒಂದೇ, ಅಂಗಿಯದು.

"ಕಾಜಾ ಕಡೆ, ಮೇಡಂ."

ಅಧಿಕಾರಿಣಿ ಅದನ್ನು ಗಂಭೀರವಾಗಿ ಬರೆದುಕೊಂಡರು. ಇಷ್ಟು ಅಚ್ಚುಕಟ್ಟಾದ ಪಡೆಯನ್ನು ತಾವು ನೋಡಿಲ್ಲವೆಂದು ಹೊಗಳಿ, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಕಮಾಂಡರರು ಮಾಡಿನ ತಗಡು ಎಣಿಸತೊಡಗಿದರು. ಮಗಳ ವಿಷಯ ಅವರು ಎತ್ತುವುದಿಲ್ಲವೆಂದು ಟೇಲರನಿಗೆ ಅರ್ಥವಾಯಿತು. ತಾನೇ ಬಾಯಿ ತೆರೆದ. ಟೇಲರನ ಮಗಳೊಬ್ಬಳು ಈಜಿದ್ದು, ಮೊದಲು ಬಂದದ್ದು, ಮೂಗು ಹಿಡಿಯದೆ ನೀರಿಗಿಳಿಯದ ಹುಡುಗನ ಹೆಸರು ಅವಳ ಜಾಗದಲ್ಲಿ ಕೂತದ್ದು, ಒಂದನ್ನೂ ಬಿಡದೆ ಹೇಳಿದ.

ಅಧಿಕಾರಿಣಿಯ ಮುಖ ಕೆಂಪಾಯಿತು. ಪಟ್ಟಿ ತರಿಸಿ, ಪೆನ್ನಿನ ಮುಚ್ಚಳ ತೆಗೆದು, ಹುಡುಗಿಯನ್ನು ಸಾಲಿನ ಮೊದಲಲ್ಲಿ ನಿಲ್ಲಿಸಿದರು. ತಂದೆಯ ಹೆಸರು ಕೇಳಿದರು. ಟೇಲರ್ ಎದೆಯುಬ್ಬಿಸಿ ತನ್ನ ಹೆಸರು ಹೇಳಿದ.

ಪೆನ್ನು ಅಲ್ಲೇ ನಿಂತಿತು. ಅವರು ಆ ಮೂರು ಹಾಳೆ ತಿರುವಿದರು. ಮೂರನೇ ಅಧಿಕಾರಿಯಾಗಿ ಒಂದು ವರ್ಷ ಸೇವೆ ಒಪ್ಪಿದ್ದೇನೆ ಎಂಬುದರ ಕೆಳಗೆ ಅದೇ ಹೆಸರಿತ್ತು. ಅಧಿಕಾರಿಯ ಸ್ವಂತ ಮಕ್ಕಳು ಅದೇ ಪಡೆಯಲ್ಲಿ ಕೆಡೆಟ್ ಆಗುವಂತಿಲ್ಲ ಎಂದರು. ತಂಗಿಯ ಮಕ್ಕಳ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಸಹಿ ಹೊಡೆದುಹಾಕಿ ಎಂದು ಟೇಲರ್ ಬೇಡಿದ. ಹೊಡೆಯಬಹುದು, ಆದರೆ ಅಧಿಕಾರಿಗಳು ಇಬ್ಬರಾಗುತ್ತಾರೆ, ಪಡೆಗೆ ಇವತ್ತೇ ಬೀಗ, ಇಪ್ಪತ್ತು ಮಕ್ಕಳೂ ಮನೆಗೆ ಎಂದರು ಅಧಿಕಾರಿಣಿ. ಟೇಲರ್ ಆ ಇಪ್ಪತ್ತು ಮುಖಗಳನ್ನು ನೋಡಿದ. ಆಗತಾನೇ ಅವರ ಗುಂಡಿ ಹೊಲಿದಿದ್ದ. ಸಹಿ ಹಾಗೇ ಇರಲಿ ಎಂದ.

ಕಮಾಂಡರರಿಗೆ ಧೈರ್ಯ ಮರಳಿತು. ಸಾಲು ಕೆಡುತ್ತಿದೆ, ಹೊರಗಿನವರನ್ನು ದಡಕ್ಕಿಳಿಸಿ ಎಂದು ಹೊಸ ಅಧಿಕಾರಿಗೆ ಅಪ್ಪಣೆ ಮಾಡಿದರು.

ಟೇಲರ್ ಮಗಳ ಮುಂದೆ ಹೋಗಿ ನಿಂತ. "ಇಳಿಯಮ್ಮ," ಎಂದ, ತನಗೇ ಕೇಳದ ದನಿಯಲ್ಲಿ.

"ಯಾರು ಹೇಳ್ತಿರೋದು? ಅಪ್ಪನಾ, ಆಫೀಸರಾ?" ಹುಡುಗಿ ಆ ದಿನ ಆಡಿದ ಮೊದಲ ಮಾತು ಅದು.

"ಆಫೀಸರು."

"ಆಫೀಸರ ಮಾತು ಕೇಳಬೇಕಾದವರು ಕೆಡೆಟ್‌ಗಳು. ನಾನು ಕೆಡೆಟ್ ಅಲ್ಲ ಅಂತ ಈಗಷ್ಟೇ ಹೇಳಿದ್ರಲ್ಲ," ಎಂದು ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗದ್ದ ಎತ್ತಿ, ಅಲ್ಲೇ ನಿಂತಳು.

ಕಮಾಂಡರರಿಗೆ ರೇಗಿತು. "ಹಾಗಾದ್ರೆ ಅಪ್ಪನಾಗಿ ಹೇಳ್ರೀ."

ಟೇಲರ್ ಡಾಕ್ಟರ ಟೋಪಿಯನ್ನು ಹಣೆಯಿಂದ ಮೇಲಕ್ಕೆ ಸರಿಸಿದ.

"ಅಪ್ಪನಾಗಿ ನಾನು ಹೇಳಲ್ಲ ಸಾರ್."