ಬಗ್ಗಿದ ಅಟ್ಟ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಅದನ್ನು ಎಳೆದು ನೋಡುತ್ತೇನೆ. ಹಾಲಿನವಳು ನಕ್ಕರೆ ನೀರು ಎಷ್ಟು ಬೆರೆಸಿರಬಹುದು ಎಂದು ಯೋಚಿಸುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ ಈ ಗುಣಕ್ಕೆ ವೈಜ್ಞಾನಿಕ ಮನೋಭಾವ ಎಂದು ಹೆಸರಿಟ್ಟುಕೊಂಡಿದ್ದೇನೆ. ಆದರೆ ಆ ಬೆಳಿಗ್ಗೆ ಕಂಡದ್ದನ್ನು ನೆನೆಸಿಕೊಂಡರೆ ಈಗಲೂ ಅಂಗೈ ಮುಷ್ಟಿ ಮಾಡಿಕೊಳ್ಳುತ್ತೇನೆ. ಅನುಮಾನವನ್ನೆಲ್ಲ ನಾನು ತಪ್ಪು ಜಾಗದಲ್ಲೇ ಖರ್ಚು ಮಾಡಿದ್ದೆ.

ನಮ್ಮ ಮನೆ ಇರುವುದು ತಿಪಟೂರಿನಿಂದ ಹಾಲ್ಕುರಿಕೆಗೆ ಹೋಗುವ ದಾರಿಯ ಪಕ್ಕದ ತೋಟದಲ್ಲಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬಿ.ಎಸ್ಸಿ. ಓದಿಸಿದವರು ದೊಡ್ಡಪ್ಪ. ಎಪ್ಪತ್ತರ ಹತ್ತಿರ ಬಂದರೂ ಕಾಯಿ ಸುಲಿಯುವುದನ್ನು ಆಳಿಗೆ ಬಿಟ್ಟವರಲ್ಲ. ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಮಾತ್ರ ಇಳಿಸುತ್ತಿದ್ದರು. ಆಮೇಲೆ ಅಂಗಳದಲ್ಲಿ ಚೂಪು ಮೇಲೆ ಮಾಡಿ ನೆಟ್ಟ ಹಾರೆಗೆ ಅದನ್ನು ಕುಕ್ಕಿ, ಎರಡು ತಿರುವಿಗೆ ಸಿಪ್ಪೆ ಬಿಡಿಸುವುದು.

ಒಂದು ಭಾನುವಾರ ಅವರು ಅಟ್ಟದ ಕೆಳಗೆ ನಿಂತು ಕರೆದರು. "ಲೋ ಮೇಷ್ಟ್ರೇ, ಬಾ ಇಲ್ಲಿ. ಅಟ್ಟದ ದಬ್ಬೆ ಬಗ್ಗೈತೆ ಕಣ್ಲಾ. ನಡೂಕೆ ಬಂದು ಜೋಲ್ತಾ ಐತೆ."

ನಾನು ನೋಡಿದೆ. ಅಡಿಕೆ ಮರ ಸೀಳಿ ಅಟ್ಟಕ್ಕೆ ಹಾಸಿದ ದಬ್ಬೆಗಳೆಲ್ಲ ಗೀಟು ಎಳೆದ ಹಾಗೆ ನೆಟ್ಟಗಿದ್ದವು. ಆದರೂ ಹಿಂದಿನ ವರ್ಷ ಅಟ್ಟ ಕಟ್ಟಿದ ಬಡಗಿಯ ಮೇಲೆ ನನಗೆ ಮೊದಲೇ ಅನುಮಾನವಿತ್ತು. ಆತ ಅಳತೆ ತೆಗೆಯುವಾಗ ಹಾಡು ಗುನುಗುತ್ತಿದ್ದ. ಎರಡು ದಿನ ರಜೆ ಹಾಕಿ ಅಟ್ಟದ ಕಾಯಿಯನ್ನೆಲ್ಲ ಕೆಳಗಿಳಿಸಿ, ದಬ್ಬೆ ಬಿಚ್ಚಿ, ನಾನೇ ಮತ್ತೆ ಜೋಡಿಸಿದೆ. ಬೆನ್ನು ಹಿಡಿದುಕೊಂಡು ಕೆಳಗೆ ಬಂದಾಗ ದೊಡ್ಡಪ್ಪ ತಲೆ ಎತ್ತಿ ನೋಡಿ, "ಇನ್ನೂ ಬಗ್ಗೇ ಐತಲ್ಲಾ" ಎಂದರು.

ಅಲ್ಲಿಂದ ನನ್ನ ಅನುಮಾನ ಬಡಗಿಯನ್ನು ಬಿಟ್ಟು ದೊಡ್ಡಪ್ಪನ ಮೇಲೆ ತಿರುಗಿತು. ಸಾಕ್ಷಿಗೇನು ಕೊರತೆ ಇರಲಿಲ್ಲ. ಮಾತಾಡುವಾಗ ನನ್ನ ಮುಖ ನೋಡದೆ ಕಿವಿಯ ಕಡೆ ನೋಡುತ್ತಿದ್ದರು, ಹುಂಜದ ಹಾಗೆ ಕತ್ತು ಓರೆ ಮಾಡಿಕೊಂಡು. ಸಂತೆಯಲ್ಲಿ ಬೀಗರು ಎದುರಿಗೆ ಬಂದು ನಿಂತರೂ ಮಾತಾಡಿಸಲಿಲ್ಲ; ಕೊಬ್ಬರಿ ರೇಟು ಏರಿದ್ದಕ್ಕೆ ಕೊಬ್ಬೂ ಏರಿದೆ ಎಂದು ಅವರು ಹೇಳಿ ಕಳಿಸಿದರು. ಕಣ್ಣಿಗೆ ಪೊರೆ ಬಂದಿರಬೇಕು ಎಂದಳು ದೊಡ್ಡಮ್ಮ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ, ಆದರೆ ಅದೇ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಹಾಲಿನ ಕಡೆ ಸರಿಯುತ್ತಿದ್ದ ಬೆಕ್ಕನ್ನು ದೊಡ್ಡಪ್ಪ ಕೂತಲ್ಲಿಂದಲೇ ಗದರಿಸಿದರು. ಬೀಗರು ಕಾಣದ ಕಣ್ಣಿಗೆ ಬೆಕ್ಕು ಕಾಣುತ್ತದೆಯೆ? ಇದು ನಾಟಕ, ನನ್ನಿಂದ ಕೆಲಸ ತೆಗೆಯುವ ಉಪಾಯ ಎಂದು ತೀರ್ಮಾನಿಸಿದೆ.

ಮಾರನೆಯ ವಾರ ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ದೊಡ್ಡಪ್ಪ ಎರಡೂ ಕೈಯಲ್ಲಿ ಕಾಯಿ ಎತ್ತಿ ಹಾರೆಯ ಮೇಲೆ ಕುಕ್ಕಿದರು. ಕಾಯಿ ಹಾರೆಗೆ ಸಿಕ್ಕಲಿಲ್ಲ, ಜಾರಿತು. ಇಡೀ ಮೈಭಾರದ ಜೊತೆ ಬಲ ಅಂಗೈ ಚೂಪಿನ ಪಕ್ಕದಲ್ಲೇ ಕೆಳಗಿಳಿಯಿತು. ಒಂದು ಬೆರಳಿನಷ್ಟು ಈಚೆ ಬಂದಿದ್ದರೆ ಹಾರೆ ಅಂಗೈ ತೂರಿ ಮೇಲೆ ಬರುತ್ತಿತ್ತು. ನಾನು ಕೆಂಪು ಪೆನ್ನು ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಅವರ ಮಣಿಕಟ್ಟಿನಿಂದ ಮೊಳಕೈವರೆಗೆ ಒಂದು ಗೀರು, ಅಷ್ಟೆ. ದೊಡ್ಡಪ್ಪ ಅದನ್ನು ಪಂಚೆಗೆ ಒರೆಸಿಕೊಂಡು, "ಹಾರೆ ಎಲ್ಲೋಯ್ತಲಾ?" ಎಂದರು.

ಅವರು ನೇರವಾಗಿ ಅದನ್ನೇ ನೋಡುತ್ತಿದ್ದರು.

"ನಾನು ಕಾಣ್ತೀನಾ ದೊಡ್ಡಪ್ಪ?" ಎಂದೆ.

"ಕಿವಿ ಎರಡೂ ಕಾಣ್ತವೆ. ಮೂತಿ ಇರೋ ಜಾಗದಲ್ಲಿ ಬೂದಿ ಎರಚ್ದಂಗೈತೆ. ಬುಡು, ಅಂಥಾ ನಷ್ಟವೇನಿಲ್ಲ."

ತುಮಕೂರಿನ ಕಣ್ಣಿನ ಡಾಕ್ಟರು ಔಷಧಿ ಬಿಟ್ಟು ಪಾಪೆ ಅಗಲ ಮಾಡಿ ನೋಡಿದರು. ಆಮೇಲೆ ಚೌಕುಳಿ ಗೆರೆಯ ಒಂದು ಹಾಳೆ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ ಎಂದರು. "ಗೆರೆ ಹೆಂಗಿದೆ ಯಜಮಾನ್ರೇ?"

"ನಮ್ಮಟ್ಟ ಇದ್ದಂಗೇ ಐತೆ ಸ್ವಾಮಿ," ಎಂದರು ದೊಡ್ಡಪ್ಪ.

ಇದು ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆಯ ನಡುಭಾಗ ವಯಸ್ಸಿನಿಂದ ಸವೆದಿದೆ, ಹೋದದ್ದನ್ನು ಕನ್ನಡಕವಾಗಲಿ ಆಪರೇಷನ್ನಾಗಲಿ ತಂದುಕೊಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುತ್ತಲಿನದು ಕಾಣುತ್ತಲೇ ಇರುತ್ತದೆ, ಪೂರ್ತಿ ಕತ್ತಲಾಗುವ ಭಯ ಬೇಡ. ಓದಲು ಭೂತಗನ್ನಡಿ, ಒಳ್ಳೆಯ ಬೆಳಕು ಬೇಕು. ಬೀಡಿ ಬಿಡಬೇಕು. ದಿನವೂ ಒಂದೊಂದೇ ಕಣ್ಣು ಮುಚ್ಚಿ ಗೆರೆ ನೋಡಿ, ಹೊಸ ಸೊಟ್ಟ ಕಂಡರೆ ಕೂಡಲೇ ಬರಬೇಕು. ಗೋಡೆಯ ಮೇಲಿದ್ದ ಕಣ್ಣಿನ ಚಿತ್ರದಲ್ಲಿ ಅವರು ಬೆರಳಿಟ್ಟು ತೋರಿಸಿದ ಆ ನಡುಭಾಗವನ್ನು, ಹಳದಿ ಚುಕ್ಕೆಯನ್ನು, ನಾನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು ಗುರುತಿಸಿದ್ದೇನೆ. ಪರೀಕ್ಷೆಗೆ ಇಂಪಾರ್ಟೆಂಟ್ ಎಂದೂ ಹೇಳಿದ್ದೇನೆ. ಎದುರಿಗೆ ನಿಂತ ಬೀಗರು ಕಾಣದೆ ಮೂಲೆಯ ಬೆಕ್ಕು ಯಾಕೆ ಕಂಡಿತು ಎಂಬುದು ನನಗೆ ಅಲ್ಲಿ ಹೊಳೆಯಿತು.

ದೊಡ್ಡಪ್ಪ ಬೀಡಿಯನ್ನು ವಾರದಲ್ಲಿ ಬಿಟ್ಟರು. ಹಾರೆಯನ್ನು ಬಿಡಲು ಮಾತ್ರ ಒಪ್ಪಲಿಲ್ಲ. "ಕೈ ಹೋದ್ರೆ ನಿಮಗೆ ಉಣ್ಣಿಸೋಳು ನಾನು ತಾನೆ? ಆಗಾಕಿಲ್ಲ ಕಣ್ರೀ," ಎಂದು ದೊಡ್ಡಮ್ಮ ಹಾರೆ ಕಿತ್ತು ಮಂಚದ ಕೆಳಗೆ ತಳ್ಳಿದಳು. ದೊಡ್ಡಪ್ಪ ಎರಡು ದಿನ ಮುನಿಸಿಕೊಂಡಿದ್ದು, ಕೊನೆಗೆ ಕಾಯಿ ಅಲುಗಾಡಿಸಿ ಆರಿಸುವುದು ತಮ್ಮದು, ಸುಲಿಯುವುದು ನನ್ನದು ಎಂದು ರಾಜಿಯಾದರು. ಕಿವಿಗೆ ವಯಸ್ಸಾಗಿರಲಿಲ್ಲ. ನಾನು ಸುಲಿಯುವಾಗ ಬೆನ್ನು ತಿರುಗಿಸಿ ಕೂತೇ ಹೇಳುತ್ತಾರೆ, "ಸುಲೀತಾ ಇಲ್ಲ ಕಣ್ಲಾ ನೀನು, ಪರಚ್ತಾ ಇದೀಯ."

ಈಗ ದಿನಾ ಬೆಳಿಗ್ಗೆ ಅಟ್ಟದ ಕೆಳಗೆ ಇಬ್ಬರೂ ಒಂದೊಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತೇವೆ. ಚೌಕುಳಿ ಹಾಳೆಗಿಂತ ದೊಡ್ಡಪ್ಪನಿಗೆ ದಬ್ಬೆಯೇ ವಾಸಿ. ಅವರು ಡಾಕ್ಟರ ಮಾತಿಗೆ ನೋಡುತ್ತಾರೆ, ನಾನು ಭಯಕ್ಕೆ. ಹೋದ ಸೋಮವಾರ ಬಲಗಣ್ಣಿಗೆ ಮೂರನೆಯ ದಬ್ಬೆ ಬಗ್ಗಿದಂತೆ ಕಂಡಿತು. ಎಡಗಣ್ಣಿಗೂ ಬಗ್ಗಿತ್ತು. ನನಗೆ ನಲವತ್ತೂ ಆಗಿಲ್ಲ. ತುಮಕೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತ ದೊಡ್ಡಪ್ಪನಿಗೆ ಹೇಳಿದೆ.

ಅವರು ಏಣಿ ಹತ್ತಿ, ಅಂದು ಒಂದು ಬೆರಳಿನಷ್ಟರಲ್ಲಿ ಹಾರೆಯಿಂದ ಪಾರಾದ ಆ ಬಲಗೈಯನ್ನು ದಬ್ಬೆಯ ಉದ್ದಕ್ಕೂ ಸವರಿದರು.

"ನಿನ್ನ ಕಣ್ಣು ಚೆನ್ನಾಗೈತೆ ಕಣಪ್ಪ. ದಬ್ಬೆ ದಿಟವಾಗ್ಲೂ ಬಗ್ಗೈತೆ. ಬಡಗಿ ಕಟ್ಟಿದಾಗ ನೆಟ್ಟಗಿತ್ತು."