ಹಟಮಾರಿ ಪೈಪು

ಕಾರಿನ ರೇಡಿಯೇಟರ್ ಹೊಸದು, ಪೈಪು ಹಳೆಯದು. ಅತ್ತೆ-ಸೊಸೆಯಂತೆ ಒಂದಕ್ಕೊಂದು ಆಗಿಬರಲಿಲ್ಲ. ದಪ್ಪ ರಬ್ಬರ್ ಪೈಪನ್ನು ರೇಡಿಯೇಟರಿನ ಮೂತಿಗೆ ಏರಿಸಹೋದ ಗುಮಾಸ್ತನ ಬೆರಳುಗಳು ಸೋತವೇ ಹೊರತು ಪೈಪು ಸೋಲಲಿಲ್ಲ.

ಸಂಜೆಯೊಳಗೆ ಕಾರು ಹೊರಡಲೇಬೇಕಿತ್ತು. ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನೂ ಹಸುಗೂಸನ್ನೂ ಸ್ವಂತ ಕಾರಿನಲ್ಲೇ ಮನೆಗೆ ಕರೆತರುತ್ತೇನೆಂದು ಮಾವನ ಮುಂದೆ ಎದೆ ತಟ್ಟಿಕೊಂಡಿದ್ದ. "ಆ ಡಬ್ಬದಲ್ಲಾ? ನಾನು ಟ್ಯಾಕ್ಸಿ ಹೇಳಿರ್ತೀನಿ ಬಿಡಿ" ಎಂದು ಮಾವ ನಕ್ಕಿದ್ದು ಇನ್ನೂ ಕಿವಿಯಲ್ಲಿತ್ತು.

ಮೊದಲು ಬಂದವರು ಎದುರುಮನೆಯ ಮೇಷ್ಟ್ರು. "ಬಿಸಿನೀರು ಸುರಿಯಪ್ಪ, ಮೆತ್ತಗಾಗುತ್ತೆ" ಎಂದು ತಾವೇ ಕೆಟಲ್ ತಂದು ಸುರಿದರು. ಪೈಪಿಗಿಂತ ಮೊದಲು ಗುಮಾಸ್ತನ ಹೆಬ್ಬೆರಳು ಮೆತ್ತಗಾಯಿತು.

"ನೀರಲ್ಲ ಮೇಷ್ಟ್ರೇ, ಸೋಪು!" ಎನ್ನುತ್ತ ಮಹಡಿಮನೆಯ ಚಿಕ್ಕಮ್ಮ ಇಳಿದು ಬಂದರು. ಅವರು ಇಡೀ ಬೀದಿಗೇ ಚಿಕ್ಕಮ್ಮ. ಸೋಪು ಹಚ್ಚಿದ ಪೈಪು ಜಾರಿ ಗುಮಾಸ್ತನ ಮೂಗಿಗೇ ಬಡಿಯಿತು. ಅಷ್ಟರಲ್ಲಿ ಮೂಲೆಯಂಗಡಿಯ ದರ್ಜಿ ಓಡಿಬಂದು ಕಾರಿನಡಿ ತೂರಿದ. "ನಾನು ಕೆಳಗಿಂದ ಎಳೀತೀನಿ, ನೀವು ಮೇಲಿಂದ ಒತ್ತಿ. ಹ್ಞೂಂ!"

ಪೈಪು ಗುಳುಕ್ಕೆಂದು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಲ್ಲಾ ಕಣಪ್ಪಾ," ಚಿಕ್ಕಮ್ಮ ನೆಲ ನೋಡಿದರು, "ಈ ಬಳೆ ಯಾವುದರದ್ದು?"

ಅದು ಪೈಪನ್ನು ಬಿಗಿಹಿಡಿಯುವ ಕ್ಲಾಂಪು. ಕೂರಿಸುವ ಮೊದಲೇ ಪೈಪಿಗೆ ತೊಡಿಸಬೇಕಾದದ್ದು. ಗುಮಾಸ್ತನಿಗೆ ಅಳುವುದೊಂದು ಬಾಕಿ. ಬಿಡಿಸಹೋದರೆ, ಇಷ್ಟು ಹೊತ್ತು ಬರಲೊಲ್ಲೆನೆಂದ ಪೈಪು ಈಗ ಹೋಗಲೊಲ್ಲೆನೆಂದಿತು.

ಆದರೆ ಒಬ್ಬರೂ ಮನೆಗೆ ಹೋಗಲಿಲ್ಲ. ಮೇಷ್ಟ್ರು ಊಟ ಬಿಟ್ಟರು. ದರ್ಜಿ ಅಂಗಡಿ ಬಾಗಿಲು ಹಾಕಿಬಂದ. ಚಿಕ್ಕಮ್ಮ ತಮ್ಮ ಹೊಸ ಟವೆಲಿನಿಂದ ಅವನ ಬೆವರು ಒರೆಸಿದರು. ಎಳೆದು, ತೊಡಿಸಿ, ಮತ್ತೆ ಒತ್ತಿ, ತಿರುಪು ಬಿಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೀರು ತುಂಬಿ ಎಂಜಿನ್ ಓಡಿಸಿದರು. ಒಂದು ಹನಿಯೂ ಸೋರಲಿಲ್ಲ.

ಗುಮಾಸ್ತನ ಕಣ್ಣು ತುಂಬಿಬಂತು. ಒಡಹುಟ್ಟಿದವರೂ ಇಷ್ಟು ಮಾಡುತ್ತಿರಲಿಲ್ಲ. "ನಿಮ್ಮ ಋಣ ಹೇಗೆ ತೀರಿಸ್ಲಿ? ಏನು ಬೇಕಾದ್ರೂ ಕೇಳಿ."

"ಏನೂ ಬೇಡಪ್ಪ," ಎಂದರು ಮೇಷ್ಟ್ರು, "ಮಗು ಮುಖ ಒಂದು ತೋರಿಸಿಬಿಡು. ನಾವೂ ಬರ್ತೀವಿ."

ಏನು ಬೇಕಾದರೂ ಕೇಳಿ ಎಂದವನು ತಾನೇ; ಗುಮಾಸ್ತ ಕಾರಿನ ಬಾಗಿಲು ತೆರೆದ.

ಆಸ್ಪತ್ರೆಯ ಬಾಗಿಲಲ್ಲಿ ಕಾರು ಗತ್ತಿನಿಂದ ನಿಂತಿತು. "ಪರವಾಗಿಲ್ವೇ, ಅಳಿಯಂದ್ರು ಗಟ್ಟಿ!" ಎಂದು ಮಾವನೇ ತಲೆದೂಗಿದರು. ಮಗುವನ್ನೆತ್ತಿಕೊಂಡ ಹೆಂಡತಿ ನಗುತ್ತ ಹಿಂದಿನ ಬಾಗಿಲು ತೆರೆದಳು. ಒಳಗೆ ಮೇಷ್ಟ್ರು, ದರ್ಜಿ, ನಡುವೆ ದಾರಿಗಿರಲೆಂದು ತಂದ ನೀರಿನ ಬಕೆಟ್ಟು. ಮುಂದೆ ಚಿಕ್ಕಮ್ಮ. ಎಲ್ಲರೂ ಅಡಿಯಿಂದ ಮುಡಿಯವರೆಗೆ ಮಸಿ.

"ಅಯ್ಯೋ, ಅಪ್ಪನ ಮೂಗೇ!" ಎಂದು ಮಗುವನ್ನು ನೋಡಿ ಒಟ್ಟಿಗೆ ಕೂಗಿದರು.

"ನಾವೆಲ್ಲಿ ಕೂರೋದು?" ಎಂದಳು ಹೆಂಡತಿ.

"ಇವರಿಲ್ದಿದ್ರೆ ಕಾರೇ ಹೊರಡ್ತಿರ್ಲಿಲ್ಲ ಕಣೇ," ಎಂದು ಗುಮಾಸ್ತ ತೊದಲಿದ.

ಅವಳು ಅವರಿಗೆಲ್ಲ ಕೈಮುಗಿದು, ತಂದೆಯ ಕಡೆ ತಿರುಗಿದಳು. "ಅಪ್ಪಾ, ಆ ಟ್ಯಾಕ್ಸಿ..."

"ಆಗ್ಲೇ ಬಂದು ನಿಂತಿದೆ ಮಗಳೇ."

ಟ್ಯಾಕ್ಸಿಯ ಹಿಂದೆ ಕಾರು ಹೊರಟಿತು.

"ಏನೇ ಹೇಳಪ್ಪ, ನಾವು ಬಂದಿದ್ದು ಒಳ್ಳೇದಾಯ್ತು," ಎಂದರು ಚಿಕ್ಕಮ್ಮ. "ದಾರೀಲಿ ಪೈಪು ಕಳಚಿದ್ರೆ ನೀನೊಬ್ನೇ ಏನ್ ಮಾಡ್ತಿದ್ದೆ?"

"ನಿಜ ಚಿಕ್ಕಮ್ಮಾ," ಎಂದ ಗುಮಾಸ್ತ, ಮನಸಾರೆ.