ಯಾವುದೇ ಕಾರಣಕ್ಕೂ ಬಿಡಬಾರದು

ಸರಕಾರಿ ಕಚೇರಿಯೊಳಗ ಇಂಥವು ನಡೀತಾನ ಇರ್ತಾವ್ರಿ. ಆದ್ರ ಕೊರೊನಾ ಕಾಲದ್ದು ನೆನಪಾದ್ರ, ನಗೋಕಿಂತ ಮೊದಲ ನನಗ ಎದಿ ಡವಗುಟ್ಟತೈತಿ.

೧. ಒಂದೊಂದ ಸಾಲು

ತಾಲೂಕ ಕಚೇರಿಯೊಳಗ ಟೈಪ್ ಮಾಡಾಕಿ ನಾನು. ಆಗ ದಿನಾ ಒಂದು ಹೊಸ ಆದೇಶ. ಪೂರ್ತಿ ಹೊಸಾದು ಬರಿಯಾಕ ಪುರಸೊತ್ತೆಲ್ಲಿ? ನಿನ್ನಿದು ತಗದು, ತಾರೀಖು ಬದಲಿ ಮಾಡಿ, ಕೆಳಗ ಒಂದು ಸಾಲು ಸೇರಿಸೋದು. ಹಳೇ ಸಾಲು ಅಳಿಸೋ ಧೈರ್ಯ ಯಾರಿಗೂ ಇಲ್ಲ. ಮೊದಲ ಸಂತಿ ಬಂದ್, ಆಮ್ಯಾಲ ಎಲಿ ಅಡಿಕಿ ತಿನ್ನೋದು ಬಂದ್, ಆಮ್ಯಾಲ ಉಗುಳೋದೂ ಬಂದ್.

"ಇಷ್ಟೆಲ್ಲಾ ಅಧಿಕಾರ ನಮಗ ಐತೇನ್ರಿ?" ಅಂತ ಸಾಹೇಬರನ್ನ ಕೇಳಿದೆ.

"ರೋಗ ಇರೂತನಕ ಐತಿ. ಲಗು ಟೈಪ್ ಮಾಡ್ರಿ, ರೋಗ ಹೋಗಿಬಿಟ್ಟೀತು!"

೨. ಹೆಬ್ಬೆಟ್ಟು

ಸಾಹೇಬರಿಗೆ ದಿನವಿಡೀ ವಿಡಿಯೋ ಮೀಟಿಂಗ್. ಕರಡು ವಾಟ್ಸಾಪಿಗೆ ಹಾಕಿದ್ರ ಒಂದು ಹೆಬ್ಬೆಟ್ಟಿನ ಚಿತ್ರ ಬರ್ತಿತ್ತು. ಅದ ಮಂಜೂರಿ. ಓದ್ತಾರೋ ಇಲ್ಲೋ ಅಂತ ಒಮ್ಮೆ ಸಿಟ್ಟಿಲೆ ಬರದೆ: "ಊಟಕ್ಕ ಹೊಂಟೇನಿ, ಇವತ್ತು ಹೊಳ್ಳಿ ಬರಂಗಿಲ್ಲ." ಹೆಬ್ಬೆಟ್ಟು ಬಂತು. ಮನಿಗೆ ಹೋಗಿ ಮಲಕೊಂಡೆ.

೩. ನಾಕಾ

ತುರ್ತು ಕೆಲಸದ ಪಾಸ್ ತಗೊಂಡು ಮಂದಿ ಬೀಗರೂಟಕ್ಕ ತಿರಗ್ಯಾಡಾಕತ್ತಿದ್ರು. ಸಿಟ್ಟು ಬಂದು ನಾನ ಒಂದು ಸಾಲು ಸೇರಿಸಿದೆ: "ಪಾಸ್ ಇದ್ದವರನ್ನೂ ಯಾವುದೇ ಕಾರಣಕ್ಕೂ ಬಿಡಬಾರದು." ಹೆಬ್ಬೆಟ್ಟು ಬಂತು.

ಮರುದಿನ ಹಾನಗಲ್ಲಿನಿಂದ ಅಳಿಯನ ಫೋನು. "ಅತ್ತೀ, ಹೆರಿಗಿ ಕಷ್ಟ ಆಗೇತಿ. ರಕ್ತ ಬೇಕಂತ, ನಿಮ್ದು ಹೊಂದತೈತಿ. ಲಗೂನ ಬರ್ರಿ!"

ಸ್ಕೂಟಿ ಹತ್ತಿ ಓಡಿದೆ. ನಾಕಾದಾಗ ಪೊಲೀಸಪ್ಪ ಅಡ್ಡ ನಿಂತ.

"ಪಾಸ್ ಐತಿ ತಮ್ಮಾ! ಮಗಳು ಸಾಯಾಕತ್ತಾಳ!"

"ಯಾವುದೇ ಕಾರಣಕ್ಕೂ ಅಂತ ಐತ್ರಿ ಅಕ್ಕಾರ," ಅಂತ ಆದೇಶ ತೋರಿಸಿದ. ಪಾಪ, ಅವನ ಕಣ್ಣಾಗೂ ನೀರು.

ಸಾಹೇಬರು ಫೋನ್ ಎತ್ತವಲ್ರು. ನನ್ನ ಸಾಲಿಗೆ ನಾನ ಶಾಪ ಹಾಕಿಕೊಂಡೆ. ಆ ಕಾಗದದ ಹಿಂದನ ಬರದೆ: "ರಕ್ತ ಕೊಡಲು ಹೋಗುವವರನ್ನು ಬಿಡತಕ್ಕದ್ದು." ಫೋಟೋ ಹೊಡದು ಕಳಿಸಿದೆ. ಇಬ್ಬರೂ ಫೋನ್ ನೋಡಕೋತ ನಿಂತ್ವಿ. ಬಂತು, ಹೆಬ್ಬೆಟ್ಟು!

"ಓಡ್ರಿ ಅಕ್ಕಾರ!"

ಮಗಳು ಉಳದ್ಲು. ಮೊಮ್ಮಗಳು ಈಗ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೊಂಟಾಳ.

ಮೊನ್ನೆ ಅದ ಪೊಲೀಸಪ್ಪ ಸಂತ್ಯಾಗ ಸಿಕ್ಕ, ಬಾಯ್ತುಂಬ ಎಲಿ ಅಡಿಕಿ. "ಆ ಆದೇಶ ಹಿಂದಕ್ಕ ತಗೊಂಡ್ರೇನ್ರಿ?"

"ಇಲ್ಲಪಾ. ಕಡೀ ಆದೇಶದಾಗೂ 'ಮುಂದಿನ ಆದೇಶದವರೆಗೆ' ಅಂತಿತ್ತು. ಮುಂದಿಂದು ಯಾರೂ ಬರೀಲೇ ಇಲ್ಲ."

ಸುತ್ತ ಸಂತಿ ನೋಡಿ ನಕ್ಕ. "ಹಂಗಾರ ನಿಮ್ಮನ್ನ ಈಗ ಹಿಡೀಬೇಕೇನ್ರಿ?"

"ಹಿಡಿಯಂತಿ. ಎಲಿ ಅಡಿಕಿ ತಿನ್ನೋದೂ ಬಂದ್, ಉಗುಳೋದೂ ಬಂದ್. ಮೊದಲ ಬಾಯಾಗಿಂದು ಏನ್ ಮಾಡ್ತೀ ಹೇಳು!"